ಇಂಜೆಕ್ಷನ್ ಬಂತು, ಅದರ ಜೊತೆ ಬರಬೇಕಾದವರು ಎಲ್ಲಿ?: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರಗಳು.

ನಾನು ದಾವಣಗೆರೆಯಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಪಿಸಿಒಡಿ ಎಂದು ವೈದ್ಯರು ಕಳುಹಿಸಿಕೊಡುವವರಿಗೆ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವುದನ್ನು ಬಿಡಬೇಕಾಗಿಲ್ಲ ಎಂದು ತಿಳಿಹೇಳುವುದು ನನ್ನ ವೃತ್ತಿ. ಮೊದಲೆಲ್ಲ ಎದುರು ಕುಳಿತವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮೇಡಂ, ಅನ್ನ ಪೂರ್ತಿ ಬಿಡಬೇಕೇ?" ಈಗ ಆ ಪ್ರಶ್ನೆ ಹಿಂದೆ ಸರಿದಿದೆ. "ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಂತೆ. ಅದನ್ನು ತೆಗೆದುಕೊಂಡರೆ ಪಥ್ಯವೂ ಬೇಡ, ವಾಕಿಂಗೂ ಬೇಡವಂತೆ" ಎಂದು ಬಂದವರೇ ನನಗೆ ಹೇಳುತ್ತಾರೆ.

ಇಂಜೆಕ್ಷನ್ ಬಂದಿರುವುದು ನಿಜ. ಪಥ್ಯ ಬೇಡ ಎನ್ನುವುದು ಸುಳ್ಳು, ಅದೂ ಅಪಾಯದ ಸುಳ್ಳು. ಈ ಔಷಧಿಯನ್ನು ನಿಷೇಧಿಸಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಬೇಕಾದವರಿಗೆ ಅದು ಸಿಗಲಿ, ಕೈಗೆಟಕುವ ಬೆಲೆಗೆ ಸಿಗಲಿ. ಆದರೆ ಅದರ ಜೊತೆಗೆ ವೈದ್ಯರ ನಿಗಾ ಮತ್ತು ಊಟ, ವ್ಯಾಯಾಮಗಳ ಮಾರ್ಗದರ್ಶನವೂ ಸಿಗುವಂತೆ ಸರ್ಕಾರ ಏರ್ಪಾಡು ಮಾಡಬೇಕು. ಈಗ ಇಂಜೆಕ್ಷನ್ ತುಂಬಿದ ಪೆನ್ನು ಒಂಟಿಯಾಗಿ ಮನೆ ಸೇರುತ್ತಿದೆ. ನನ್ನ ಚಿಂತೆ ಅದು.

ಔಷಧಿಯ ಬಗ್ಗೆ ಮೊದಲು ನ್ಯಾಯವಾದ ಮಾತು ಹೇಳುತ್ತೇನೆ. ನಾವು ಉಂಡಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವುದು, ಜಠರ ಬರಿದಾಗುವುದನ್ನು ನಿಧಾನಗೊಳಿಸುವುದು, ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಹೊರಬರುವಂತೆ ಮಾಡುವುದು ಅದರ ಕೆಲಸ. ಸಹಜ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಇಲ್ಲವಾಗುತ್ತದೆ. ಸೆಮಾಗ್ಲುಟೈಡ್ ಅದೇ ಕೆಲಸವನ್ನು ವಾರವಿಡೀ ಮಾಡುವಂತೆ ರೂಪಿಸಿದ ಔಷಧಿ. ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಪಾತ್ರವನ್ನೂ ವಹಿಸುತ್ತದೆ. ಇವನ್ನು ತೆಗೆದುಕೊಂಡವರು ನನ್ನ ಬಳಿ ಹೇಳುವ ಮೊದಲ ಬದಲಾವಣೆ ತೂಕದ್ದಲ್ಲ. "ದಿನವಿಡೀ ತಲೆಯಲ್ಲಿ ಊಟದ್ದೇ ಯೋಚನೆ ಇರುತ್ತಿತ್ತು, ಅದು ನಿಂತುಹೋಯಿತು" ಎನ್ನುತ್ತಾರೆ. ಹೇಳುವಾಗ ಕೆಲವರ ಕಣ್ಣು ತುಂಬಿ ಬರುತ್ತದೆ. ವರ್ಷಗಟ್ಟಲೆ ಮನೆಯವರಿಂದ, ಬಂಧುಗಳಿಂದ, ಕೆಲವೊಮ್ಮೆ ವೈದ್ಯರಿಂದಲೂ "ಸ್ವಲ್ಪ ಬಾಯಿ ಕಟ್ಟಮ್ಮ" ಎಂಬ ಮಾತು ಕೇಳಿ ಕೇಳಿ ಸೋತವರು ಅವರು. ತೂಕ ಇಳಿದೊಡನೆ ದೇಹ ಹಸಿವಿನ ಹಾರ್ಮೋನುಗಳನ್ನು ಏರಿಸುತ್ತದೆ, ಶಕ್ತಿಯ ಖರ್ಚನ್ನು ಇಳಿಸುತ್ತದೆ, ಕಳೆದುಕೊಂಡ ಕೊಬ್ಬನ್ನು ಮರಳಿ ಪಡೆಯಲು ಹೋರಾಡುತ್ತದೆ. ಬೊಜ್ಜು ದೀರ್ಘಕಾಲದ ಕಾಯಿಲೆ. ಕಾಯಿಲೆಗೆ ಔಷಧಿ ಬಂದರೆ ನನ್ನಂಥವಳು ಸಂತೋಷಪಡಬೇಕು, ಪಡುತ್ತೇನೆ ಕೂಡ.

ಅಂಕಿಗಳೂ ಗಟ್ಟಿಯಾಗಿವೆ. 2021ರಲ್ಲಿ ಪ್ರಕಟವಾದ ಸ್ಟೆಪ್-1 ಅಧ್ಯಯನದಲ್ಲಿ 1,961 ಮಂದಿ ಇದ್ದರು. 68 ವಾರಗಳ ನಂತರ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ 14.9ರಷ್ಟು ಇಳಿದಿತ್ತು, ಔಷಧಿಯಿಲ್ಲದ ಚುಚ್ಚುಮದ್ದು ಪಡೆದವರದು ಶೇ 2.4ರಷ್ಟು. 2022ರ ಸರ್ಮೌಂಟ್-1 ಅಧ್ಯಯನದಲ್ಲಿ ಟಿರ್ಜೆಪಟೈಡಿನ ಅತಿ ಹೆಚ್ಚಿನ ಪ್ರಮಾಣ ಪಡೆದವರ ತೂಕ ಶೇ 20ಕ್ಕೂ ಹೆಚ್ಚು ಇಳಿಯಿತು. 2023ರಲ್ಲಿ ಸೆಲೆಕ್ಟ್ ಎಂಬ ದೊಡ್ಡ ಅಧ್ಯಯನ, ಮೊದಲೇ ಹೃದ್ರೋಗವಿದ್ದ 17,604 ಮಂದಿಯಲ್ಲಿ ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳನ್ನು ಒಟ್ಟಾರೆ ಶೇ 20ರಷ್ಟು ತಗ್ಗಿಸಿತೆಂದು ತೋರಿಸಿತು. ತೂಕ ಇಳಿಸುವ ಔಷಧಿಗಳ ಹಿಂದಿನ ಚರಿತ್ರೆ ಗೊತ್ತಿರುವವರಿಗೆ ಇದರ ಬೆಲೆ ಗೊತ್ತು. ಫೆನ್‌ಫ್ಲುರಮಿನ್ ಹೃದಯದ ಕವಾಟಗಳನ್ನು ಕೆಡಿಸುತ್ತದೆಂದು 1997ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಖಿನ್ನತೆ ತರುತ್ತದೆಂದು ರಿಮೊನಬಂಟ್ ಹೋಯಿತು. ಹೃದಯಾಘಾತದ ಅಪಾಯ ಕಂಡುಬಂದು ಸಿಬುಟ್ರಮಿನ್ 2010ರಲ್ಲಿ ಹಿಂದೆ ಸರಿಯಿತು, ನಮ್ಮ ದೇಶದಲ್ಲಿ 2011ರಲ್ಲಿ ಅದಕ್ಕೆ ನಿಷೇಧ ಬಿತ್ತು. ಹೃದಯಕ್ಕೆ ಹಾನಿ ಮಾಡಿದ ಔಷಧಿಗಳ ಸಾಲಿನ ನಂತರ ಹೃದಯಕ್ಕೆ ಒಳಿತು ಮಾಡುವ ಔಷಧಿ ಬಂದಿರುವುದು ಸಣ್ಣ ಸಂಗತಿಯಲ್ಲ.

ಆದರೆ ಸ್ಟೆಪ್-1 ಅಧ್ಯಯನದ ಇನ್ನೊಂದು ವಿವರವನ್ನು ತಾವು ದಯವಿಟ್ಟು ಗಮನಿಸಬೇಕು. ಅದರಲ್ಲಿ ಪಾಲ್ಗೊಂಡ ಪ್ರತಿಯೊಬ್ಬರಿಗೂ, ಔಷಧಿ ಸಿಕ್ಕವರಿಗೂ ಸಿಗದವರಿಗೂ, ನಾಲ್ಕು ವಾರಕ್ಕೊಮ್ಮೆ ಊಟ ಮತ್ತು ವ್ಯಾಯಾಮದ ಬಗ್ಗೆ ವೈಯಕ್ತಿಕ ಸಲಹೆ ಸಿಗುತ್ತಿತ್ತು. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿನ್ನಬೇಕು, ವಾರಕ್ಕೆ 150 ನಿಮಿಷ ದೈಹಿಕ ಚಟುವಟಿಕೆ ಮಾಡಬೇಕು ಎಂಬ ಗುರಿ ಇತ್ತು. ಅಂದರೆ ಶೇ 15 ಎಂಬ ಅಂಕಿ ಬರಿಯ ಔಷಧಿಯದಲ್ಲ, ಔಷಧಿ ಮತ್ತು ಬೆಂಬಲ ಎರಡೂ ಸೇರಿದ ಚಿಕಿತ್ಸೆಯದು. ಈ ಔಷಧಿಗಳಿಗೆ ಸಿಕ್ಕಿರುವ ಅನುಮತಿಯಲ್ಲೂ ಕಡಿಮೆ ಕ್ಯಾಲೊರಿಯ ಆಹಾರ ಮತ್ತು ಹೆಚ್ಚಿದ ದೈಹಿಕ ಚಟುವಟಿಕೆಯ ಜೊತೆಗೆ ಬಳಸಬೇಕು ಎಂದೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ನಮ್ಮ ಊರುಗಳಿಗೆ ಆ ಅಂಕಿ ಮಾತ್ರ ಬಂದು ತಲುಪಿದೆ. ನಾಲ್ಕು ವಾರಕ್ಕೊಮ್ಮೆ ಎದುರು ಕುಳಿತು ಮಾತನಾಡುವವರು ಬಂದಿಲ್ಲ.

ಬೆಲೆ ಇಳಿಯುವ ಮೊದಲು ಇದು ಉಳ್ಳವರ ಸಮಸ್ಯೆಯಾಗಿತ್ತು. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ, ತೂಕ ಇಳಿಸುವ ಸೆಮಾಗ್ಲುಟೈಡ್ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ತಿಂಗಳ ಖರ್ಚು ಸಾವಿರಗಳ ಲೆಕ್ಕದಲ್ಲಿತ್ತು. 2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್ ಪೇಟೆಂಟಿನ ಅವಧಿ ಮುಗಿದು, ನಮ್ಮ ದೇಶದ ಕಂಪನಿಗಳೇ ಅದನ್ನು ತಯಾರಿಸಲು ದಾರಿ ತೆರೆಯಿತು. ಇದು ಸ್ವಾಗತಾರ್ಹ. ಆದರೆ ಬೆಲೆ ಇಳಿದಷ್ಟೂ ಔಷಧಿ ಯಾರ ಯಾರ ಕೈಯಿಂದ ಯಾರಿಗೆ ದಾಟುತ್ತದೆ ಎನ್ನುವುದನ್ನು ಕಾಯಬೇಕಾದ ಹೊಣೆಯೂ ಹೆಚ್ಚುತ್ತದೆ.

ನಾನು ಕಂಡ ಒಂದು ಪ್ರಕರಣ ಹೇಳುತ್ತೇನೆ. ಹರಿಹರದ ಕಡೆಯ ಐವತ್ತು ದಾಟಿದ ತಾಯಿಯೊಬ್ಬರು ಮಗಳ ಭುಜ ಹಿಡಿದುಕೊಂಡು ಬಂದರು. ಸಕ್ಕರೆ ಕಾಯಿಲೆಗೆ ಹಲವು ವರ್ಷಗಳಿಂದ ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಿದ್ದವರು. ಬೆಂಗಳೂರಿನಲ್ಲಿರುವ ಮಗ ಅಮ್ಮನ ಮಂಡಿನೋವು ನೋಡಲಾರದೆ, ಪ್ರೀತಿಯಿಂದಲೇ, ಮೊಬೈಲಿನಲ್ಲಿ ಹುಡುಕಿ ಇಂಜೆಕ್ಷನ್ ಪೆನ್ನು ಕಳುಹಿಸಿದ್ದ. ಅಮ್ಮನಿಗೆ ಎರಡು ಹೊತ್ತಿಗೂ ಊಟ ಸೇರುತ್ತಿರಲಿಲ್ಲ. ಬೆಳಿಗ್ಗೆ ಒಂದು ಲೋಟ ಟೀ, ಅರ್ಧ ಇಡ್ಲಿ, ರಾತ್ರಿ ಎರಡು ಚಮಚ ಮಜ್ಜಿಗೆ ಅನ್ನ. ಮಾತ್ರೆ ಮಾತ್ರ ಹಳೆಯ ಪ್ರಮಾಣದಲ್ಲೇ ನಡೆದಿತ್ತು. ಕೈ ನಡುಗುತ್ತಿತ್ತು, ಹಣೆಯ ಮೇಲೆ ಬೆವರು. ಸಕ್ಕರೆ ನೋಡಿದರೆ ತೀರಾ ಕೆಳಗಿಳಿದಿತ್ತು. ಮೊದಲು ಗ್ಲೂಕೋಸ್ ಕುಡಿಸಿ, ವೈದ್ಯರನ್ನು ಕರೆದು, ಅವರು ಸುಧಾರಿಸಿಕೊಂಡ ಮೇಲೆ ಪೆನ್ನು ತೋರಿಸಿ ಎಂದೆ. ಮಗಳು ಪ್ಲಾಸ್ಟಿಕ್ ಚೀಲದಿಂದ ತೆಗೆದುಕೊಟ್ಟಳು. ಪೆನ್ನಿನ ಪುಟ್ಟ ಕಿಟಕಿಯಲ್ಲಿ 1 ಎಂಬ ಅಂಕಿ ಇತ್ತು. ಸೆಮಾಗ್ಲುಟೈಡ್ ಶುರು ಮಾಡಬೇಕಾದದ್ದು ವಾರಕ್ಕೆ 0.25 ಮಿಲಿಗ್ರಾಂನಿಂದ. ನಾಲ್ಕು ವಾರ ಅಷ್ಟೇ ಪ್ರಮಾಣ, ನಂತರ 0.5, ಆಮೇಲೆ 1. ದೇಹ ಒಗ್ಗಿಕೊಳ್ಳಲೆಂದೇ ಈ ನಿಧಾನ. ಇವರು ಮೂರನೆಯ ಮೆಟ್ಟಿಲಿನಿಂದಲೇ ಶುರು ಮಾಡಿದ್ದರು. ಮೊದಲು ಫ್ರಿಜ್ಜಿನ ಬಾಗಿಲಲ್ಲಿ ಇಟ್ಟಿದ್ದ ಪೆನ್ನನ್ನು ಆಮೇಲೆ "ಇನ್ನೂ ತಂಪಾಗಿರಲಿ" ಎಂದು ಐಸ್ ಕಟ್ಟುವ ಅರೆಗೆ ಏರಿಸಿದ್ದರು. ಒಮ್ಮೆ ಹೆಪ್ಪುಗಟ್ಟಿದ ಔಷಧಿಯನ್ನು ಬಳಸಬಾರದು, ಎಸೆಯಬೇಕು. ಪೆಟ್ಟಿಗೆಯೊಳಗಿನ ಸೂಚನೆಯ ಹಾಳೆ ಮಡಿಕೆ ಬಿಚ್ಚದೆ ಹಾಗೆಯೇ ಇತ್ತು. ಬಿಚ್ಚಿದ್ದರೂ ಅವರಿಗೆ ಓದಲು ಬರುತ್ತಿರಲಿಲ್ಲ, ಅದರಲ್ಲಿದ್ದುದೆಲ್ಲ ಇಂಗ್ಲಿಷ್.

ಈ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಮಗ ದುಡ್ಡು ಕೊಟ್ಟ, ಮಗಳು ಚುಚ್ಚಿದಳು, ಅಮ್ಮ ನಂಬಿದರು. ಮಾರಿದವರು ಚೀಟಿ ಕೇಳಲಿಲ್ಲ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಯಾರೂ ವಿಚಾರಿಸಲಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡಿನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಇಂಜೆಕ್ಷನ್ ಶುರುಮಾಡುವಾಗ ಹಳೆಯ ಔಷಧಿಯ ಪ್ರಮಾಣವನ್ನು ಮರುಪರಿಶೀಲಿಸಬೇಕು. ಇದು ವೈದ್ಯರಿಗೆ ಗೊತ್ತಿರುವ ಸರಳ ಸಂಗತಿ. ಆ ವೈದ್ಯರೇ ನಡುವೆ ಇಲ್ಲದಿದ್ದಾಗ ಗೊತ್ತಿದ್ದೂ ಏನು ಪ್ರಯೋಜನ?

ಮಾನ್ಯ ಸಚಿವರೇ, ಕಾನೂನು ನಮ್ಮಲ್ಲಿ ಇದೆ. ಇವು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಔಷಧಿಗಳು. ಬೊಜ್ಜು ಗುಣಪಡಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದೂ ಅಪರಾಧ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜಿನ ಹೆಸರು ಸ್ಪಷ್ಟವಾಗಿ ಇದೆ. ಆದರೂ ತೂಕ ಇಳಿಸುವ ಕೇಂದ್ರಗಳ ಕರಪತ್ರಗಳು ಪತ್ರಿಕೆಯ ಮಡಿಕೆಯೊಳಗೆ ಬರುತ್ತವೆ, ಮೊಬೈಲಿನಲ್ಲಿ ಮೊದಲು-ನಂತರದ ಫೋಟೊಗಳು ತೇಲುತ್ತವೆ. ಔಷಧಿಯ ಹೆಸರು ಹೇಳದೆ "ವಾರಕ್ಕೊಂದು ಚುಚ್ಚು" ಎಂದಷ್ಟೇ ಹೇಳಿ ಕಾನೂನಿನ ಬೇಲಿ ದಾಟುತ್ತಾರೆ. ಔಷಧ ಪರಿವೀಕ್ಷಕರು ಮೆಡಿಕಲ್ ಶಾಪುಗಳನ್ನು ಮಾತ್ರ ನೋಡಿದರೆ ಸಾಲದು. ಜಿಮ್, ಬ್ಯೂಟಿ ಪಾರ್ಲರ್, ಸ್ಲಿಮ್ಮಿಂಗ್ ಕೇಂದ್ರ, ಕೊರಿಯರ್ ಮಾರಾಟ ಇವೆಲ್ಲದರ ಮೇಲೂ ಕಣ್ಣಿಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲೇ ನಕಲಿ ಸೆಮಾಗ್ಲುಟೈಡ್ ಬಗ್ಗೆ ಜಾಗತಿಕ ಎಚ್ಚರಿಕೆ ಕೊಟ್ಟಿದೆ; ಬ್ರೆಜಿಲ್, ಬ್ರಿಟನ್, ಅಮೆರಿಕಗಳಲ್ಲಿ ಅದು ಸಿಕ್ಕಿತ್ತು. ಅಂಥ ಬಿಗಿ ವ್ಯವಸ್ಥೆಯಿರುವ ದೇಶಗಳಿಗೇ ನುಸುಳಿದ್ದು ಇಲ್ಲಿಗೆ ನುಸುಳದೆಂದು ನಂಬಲು ಕಾರಣವಿಲ್ಲ. ಅಸಲಿ ಔಷಧಿಯೂ ತೆರೆಯುವ ಮೊದಲು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದದ್ದು. ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಕೊರಿಯರ್ ಚೀಲದೊಳಗೆ ದಿನವಿಡೀ ಸುತ್ತಿದ ಪೆನ್ನಿನಲ್ಲಿ ಏನು ಉಳಿದಿರುತ್ತದೆ?

ಈಗ ನನ್ನ ವಿಷಯಕ್ಕೆ, ಅಂದರೆ ತಟ್ಟೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದರ ಬಗ್ಗೆ ಮಾತನಾಡುವವರು ಕಡಿಮೆ.

ಇಂಜೆಕ್ಷನ್ ಹಸಿವನ್ನು ತಗ್ಗಿಸುತ್ತದೆ. ಕಡಿಮೆಯಾದ ಹಸಿವಿನಲ್ಲಿ ಏನನ್ನು ತಿನ್ನಬೇಕು ಎಂದು ಅದು ಹೇಳಿಕೊಡುವುದಿಲ್ಲ. ಅಧ್ಯಯನಗಳ ಪ್ರಕಾರ ಇಳಿದ ತೂಕದಲ್ಲಿ ಕಾಲು ಭಾಗದಿಂದ ಶೇ 40ರವರೆಗೆ ಕೊಬ್ಬಲ್ಲದ ಅಂಗಾಂಶ ಇರಬಹುದು, ಅದರಲ್ಲಿ ಸ್ನಾಯುವೂ ಸೇರಿದೆ. ಭಾರತೀಯರ ಮೈಕಟ್ಟು ಮೊದಲೇ ಕಡಿಮೆ ಸ್ನಾಯು, ಹೆಚ್ಚು ಕೊಬ್ಬಿನದು. ಆದ್ದರಿಂದಲೇ ಯುರೋಪಿನವರಿಗಿಂತ ಕಡಿಮೆ ತೂಕದಲ್ಲೇ ನಮಗೆ ಸಕ್ಕರೆ ಕಾಯಿಲೆ ಬರುತ್ತದೆ. ಅವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 30 ದಾಟಿದರೆ ಬೊಜ್ಜು, ನಮಗೆ 25ಕ್ಕೇ ಎಂದು ನಮ್ಮ ತಜ್ಞರು ಗೆರೆ ಎಳೆದಿದ್ದಾರೆ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ದಾಟಬಾರದು ಎನ್ನುವುದೂ ಇದಕ್ಕೇ. ಇಂಥ ದೇಹದಿಂದ ಸ್ನಾಯು ಕರಗಿದರೆ ತಕ್ಕಡಿ ಸಂತೋಷದ ಅಂಕಿ ತೋರಿಸುತ್ತದೆ, ಆದರೆ ಮೆಟ್ಟಿಲು ಹತ್ತುವಾಗ ಕಾಲು ನಡುಗುತ್ತದೆ. ವಯಸ್ಸಾದವರಿಗೆ ಬೀಳುವ ಭಯ ಬೇರೆ.

ನಮ್ಮ ಕಡೆಯ ಊಟ ನೋಡಿ. ಮಧ್ಯ ಕರ್ನಾಟಕದ ಮಧ್ಯಾಹ್ನದ ತಟ್ಟೆಯಲ್ಲಿ ಮುದ್ದೆ ಅಥವಾ ರೊಟ್ಟಿ, ಅನ್ನ, ತಿಳಿಸಾರು, ಒಂದಿಷ್ಟು ಪಲ್ಯ, ಮಜ್ಜಿಗೆ. ಸಾರಿನಲ್ಲಿ ಬೇಳೆ ತಳದಲ್ಲಿರುತ್ತದೆ, ತಟ್ಟೆಗೆ ಬರುವುದು ಮೇಲಿನ ನೀರು. ಸಂಜೆಗೆ ದಾವಣಗೆರೆಯಲ್ಲಿ ಮಂಡಕ್ಕಿ, ಮಿರ್ಚಿ. ಆರೋಗ್ಯವಂತ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ತೂಕ ಇಳಿಸುತ್ತಿರುವವರಿಗೆ, ಮೂತ್ರಪಿಂಡ ಸರಿಯಿದ್ದರೆ, ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಲೋಟ ಹಾಲಿನಲ್ಲಿ ಹೆಚ್ಚೂಕಡಿಮೆ ಅಷ್ಟೇ. ಗಟ್ಟಿಯಾಗಿ ಬೇಯಿಸಿದ ಬೇಳೆ ಒಂದು ಬಟ್ಟಲಿನಲ್ಲಿ 6-7 ಗ್ರಾಂ. ಲೆಕ್ಕ ಹಾಕಿದರೆ ಹೊಟ್ಟೆ ತುಂಬ ಉಣ್ಣುವ ದಿನಗಳಲ್ಲೇ 50 ಮುಟ್ಟುವುದು ಕಷ್ಟ. ಇನ್ನು ಊಟ ಅರ್ಧಕ್ಕಿಳಿದಾಗ? ಹೊಟ್ಟೆ ಬೇಗ ತುಂಬುತ್ತದೆಂದು ಜನ ಮೊದಲು ಬಿಡುವುದು ಕಾಳನ್ನೇ. ಸುಲಭವಾಗಿ ಇಳಿಯುತ್ತದೆಂದು ಅನ್ನ-ಸಾರು, ಬ್ರೆಡ್ಡು, ಬಿಸ್ಕತ್ತು ಉಳಿಯುತ್ತವೆ.

ಆದ್ದರಿಂದ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ನಾನು ಉಣ್ಣುವ ಕ್ರಮವನ್ನೇ ತಿರುಗಿಸಿ ಹೇಳುತ್ತೇನೆ. ಮೊದಲು ಮೊಟ್ಟೆ, ಕಾಳಿನ ಪಲ್ಯ, ಪನ್ನೀರು, ಮೀನು ಅಥವಾ ಕೋಳಿ, ನಿಮ್ಮ ಮನೆಯಲ್ಲಿ ಏನಿದೆಯೋ ಅದು. ಆಮೇಲೆ ತರಕಾರಿ. ಕೊನೆಯಲ್ಲಿ ಜಾಗ ಉಳಿದರೆ ಮುದ್ದೆ, ರೊಟ್ಟಿ, ಅನ್ನ. ಹುರುಳಿ ಬಸಿದು ಕಟ್ಟಿನ ಸಾರು ಮಾತ್ರ ಕುಡಿದು ಕಾಳನ್ನು ಬಿಡಬೇಡಿ. ಸಾರಿಗೆ ಸೌಟು ಹಾಕುವಾಗ ತಳ ಮುಟ್ಟಿಸಿ. ಮೊಳಕೆ ಕಟ್ಟಿದ ಹೆಸರುಕಾಳು, ಮಡಿಕೆಕಾಳು, ಅವರೆ, ಶೇಂಗಾ ಇವು ಅಂಗಡಿಯ ಪ್ರೋಟೀನ್ ಡಬ್ಬಿಗಿಂತ ಅಗ್ಗ. ಎಣ್ಣೆಯಲ್ಲಿ ಕರಿದದ್ದು ತಿಂದರೆ ವಾಕರಿಕೆ, ವಾಂತಿಯಾಗುವ ಸಾಧ್ಯತೆ ಹೆಚ್ಚು, ಏಕೆಂದರೆ ಜಠರ ನಿಧಾನವಾಗಿ ಬರಿದಾಗುತ್ತಿರುತ್ತದೆ. ಬಾಯಾರಿಕೆಯೂ ಕಡಿಮೆಯಾಗುವುದರಿಂದ ನೀರು ಕುಡಿಯುವುದನ್ನು ಮರೆಯುತ್ತಾರೆ, ಮಲಬದ್ಧತೆ ಶುರುವಾಗುತ್ತದೆ. ಇಂಥ ಸಣ್ಣ ಸಣ್ಣ ಮಾತುಗಳನ್ನು ಹೇಳಲು ಅರ್ಧ ಗಂಟೆ ಬೇಕು. ನೂರು ರೋಗಿಗಳನ್ನು ನೋಡುವ ಸರ್ಕಾರಿ ವೈದ್ಯರ ಬಳಿ ಆ ಅರ್ಧ ಗಂಟೆ ಇಲ್ಲ. ಅವರನ್ನು ದೂರುವಂತಿಲ್ಲ.

ಇನ್ನೊಂದು ಸಂಗತಿ ನನ್ನನ್ನು ತುಂಬ ಕಾಡುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 30ರಷ್ಟು ಮಂದಿಗೆ ಅತಿತೂಕ ಅಥವಾ ಬೊಜ್ಜು ಇದೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 23ರ ಆಸುಪಾಸಿನಲ್ಲಿತ್ತು. ಅದೇ ಸಮೀಕ್ಷೆಯಲ್ಲಿ ರಕ್ತಹೀನತೆ ಇರುವ ಮಹಿಳೆಯರು ಹತ್ತಿರ ಹತ್ತಿರ ಅರ್ಧದಷ್ಟು. ಇವು ಎರಡು ಬೇರೆ ಬೇರೆ ಗುಂಪುಗಳೆಂದು ಭಾವಿಸಬೇಡಿ. ನನ್ನೆದುರು ಕೂರುವ ಎಷ್ಟೋ ಹೆಣ್ಣುಮಕ್ಕಳು ತಕ್ಕಡಿಯಲ್ಲಿ ಭಾರ, ರಕ್ತದಲ್ಲಿ ಬಡವರು. ಅಂಥವರ ಊಟವನ್ನು ಲಂಗುಲಗಾಮಿಲ್ಲದೆ ಅರ್ಧಕ್ಕಿಳಿಸಿದರೆ ಕಬ್ಬಿಣಾಂಶ, ಬಿ12, ಕ್ಯಾಲ್ಸಿಯಂ ಎಲ್ಲವೂ ಅರ್ಧಕ್ಕಿಳಿಯುತ್ತವೆ.

ಅದರಲ್ಲೂ ಮದುವೆಗೆ ನಿಂತ ಹುಡುಗಿಯರು. ನಿಶ್ಚಿತಾರ್ಥ ಆಗಿದೆ, ಮೂರು ತಿಂಗಳಲ್ಲಿ ಮದುವೆ, ಅಷ್ಟರಲ್ಲಿ ಹತ್ತು ಕಿಲೋ ಇಳಿಯಬೇಕು ಎಂದು ತಾಯಿಯೇ ಕರೆದುಕೊಂಡು ಬರುತ್ತಾರೆ. ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ. ಇವರಲ್ಲಿ ಹೆಚ್ಚಿನವರಿಗೆ ಈ ಔಷಧಿಯ ಅಗತ್ಯವೇ ಇರುವುದಿಲ್ಲ. ಇಲ್ಲಿನ ಅನುಮತಿಯ ಪ್ರಕಾರ ಬಿಎಂಐ 30 ಅಥವಾ ಹೆಚ್ಚು ಇರಬೇಕು, ಇಲ್ಲವೇ 27ರ ಮೇಲಿದ್ದು ತೂಕಕ್ಕೆ ಸಂಬಂಧಿಸಿದ ಬೇರೆ ಕಾಯಿಲೆ ಇರಬೇಕು. ಸೀರೆಯಲ್ಲಿ ಚಂದ ಕಾಣುವುದು ಕಾಯಿಲೆಯಲ್ಲ. ಅದಕ್ಕಿಂತ ಗಂಭೀರವಾದದ್ದು ಮದುವೆಯ ನಂತರದ ವಿಷಯ. ಗರ್ಭಿಣಿಯರು ಈ ಔಷಧಿ ತೆಗೆದುಕೊಳ್ಳಬಾರದು. ಸೆಮಾಗ್ಲುಟೈಡನ್ನು ಗರ್ಭ ಧರಿಸಲು ಯೋಜಿಸುವುದಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಗಳ ಪರಿಣಾಮವನ್ನೇ ಕುಗ್ಗಿಸಬಹುದು. ತೂಕ ಇಳಿದಾಗ ಪಿಸಿಒಡಿ ಇದ್ದವರಲ್ಲಿ ಮುಟ್ಟು ಕ್ರಮಕ್ಕೆ ಬಂದು ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಮದುವೆಯ ತನಕ ಇಂಜೆಕ್ಷನ್, ಮದುವೆಯಾದ ಮರುತಿಂಗಳೇ ಗರ್ಭ ಎಂಬ ಪರಿಸ್ಥಿತಿ ನಮ್ಮ ಸಮಾಜದಲ್ಲಿ ಎಷ್ಟು ಸಹಜವೆಂದು ತಮಗೆ ನಾನು ಹೇಳಬೇಕಾಗಿಲ್ಲ. ಈ ಮಾತನ್ನು ಆ ಹುಡುಗಿಗೆ ಯಾರು ಹೇಳುತ್ತಾರೆ? ಪಾರ್ಲರಿನವರೇ?

ಉಳಿದ ಎಚ್ಚರಿಕೆಗಳನ್ನು ವೈದ್ಯರು ನನಗಿಂತ ಚೆನ್ನಾಗಿ ಬಲ್ಲರು. ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ತಮಗೆ ಅಥವಾ ರಕ್ತಸಂಬಂಧಿಗಳಿಗೆ ಇದ್ದವರು ಇದನ್ನು ಮುಟ್ಟಬಾರದು. ಮೇದೋಜೀರಕ ಗ್ರಂಥಿಯ ಉರಿಯೂತ ಹಿಂದೆ ಆಗಿದ್ದರೆ ಹೇಳಲೇಬೇಕು. ಬೇಗ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಹಳೆಯ ಸಕ್ಕರೆ ರೋಗಿಗಳು ಕಣ್ಣಿನ ಪರೀಕ್ಷೆ ಮಾಡಿಸಿಕೊಂಡು ಶುರು ಮಾಡುವುದು ಒಳ್ಳೆಯದು. ಶಸ್ತ್ರಚಿಕಿತ್ಸೆಗೆ ಹೋಗುವವರು ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಉಪವಾಸವಿದ್ದರೂ ಜಠರದಲ್ಲಿ ಆಹಾರ ಉಳಿದಿರಬಹುದು. ಹೊಟ್ಟೆಯಿಂದ ಬೆನ್ನಿಗೆ ಹರಿಯುವ ತೀವ್ರ ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ನಿಲ್ಲಿಸುವುದರ ಬಗ್ಗೆ ಮಾತ್ರ ಶುರುವಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಸ್ಟೆಪ್-1 ಅಧ್ಯಯನದಲ್ಲಿ ಪಾಲ್ಗೊಂಡವರಿಗೆ ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿಸಿದ್ದ ತೂಕದ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಇದು ಅವರ ಸೋಲಲ್ಲ, ಕಾಯಿಲೆಯ ಸ್ವಭಾವ. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವುದಿಲ್ಲವೇ? ಹಾಗಾದರೆ ಈ ಚಿಕಿತ್ಸೆ ವರ್ಷಗಟ್ಟಲೆ ಬೇಕಾಗಬಹುದು ಎಂದು ಮೊದಲ ದಿನವೇ ಹೇಳಬೇಕು. ಮನೆಯ ಆದಾಯ ಅದನ್ನು ತಡೆದುಕೊಳ್ಳುತ್ತದೆಯೇ ಎಂದೂ ಕೇಳಬೇಕು. ಈಗ ನಡೆಯುತ್ತಿರುವುದು ಹೀಗೆ: ಕೈಯಲ್ಲಿ ಕಾಸಿರುವ ತನಕ ಇಂಜೆಕ್ಷನ್, ಮಗಳ ಕಾಲೇಜು ಶುಲ್ಕ ಕಟ್ಟುವ ತಿಂಗಳು ನಿಲುಗಡೆ. ತೂಕ ಮರಳುತ್ತದೆ, ಆದರೆ ಮರಳುವುದು ಹೆಚ್ಚಾಗಿ ಕೊಬ್ಬು, ಕಳೆದುಹೋದ ಸ್ನಾಯುವಲ್ಲ. ದುಡ್ಡು ಕೊಟ್ಟು ಮೊದಲಿಗಿಂತ ದುರ್ಬಲರಾದಂತೆ.

ಇಷ್ಟೆಲ್ಲ ಬರೆದದ್ದು ತಮ್ಮ ಇಲಾಖೆಯಿಂದ ಆಗಬಹುದಾದ ಕೆಲಸಗಳಿವೆ ಎಂಬ ನಂಬಿಕೆಯಿಂದ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ಗಳು ಈಗಾಗಲೇ ಇವೆ. ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆ ಬಾಗಿಲಿಗೇ ಹೋಗಿ ಬಿಪಿ, ಸಕ್ಕರೆ ನೋಡುತ್ತಿದ್ದಾರೆ. ಕಾಯಿಲೆಯನ್ನು ಪತ್ತೆ ಹಚ್ಚುವ ಈ ವ್ಯವಸ್ಥೆಗೆ, ಪತ್ತೆಯಾದ ಮೇಲೆ ಕೂರಿಸಿ ಮಾತನಾಡುವ ಒಂದು ಕುರ್ಚಿ ಸೇರಿಸಿ ಎಂಬುದು ನನ್ನ ಮುಖ್ಯ ಬೇಡಿಕೆ. ಪ್ರತಿ ತಾಲ್ಲೂಕು ಆಸ್ಪತ್ರೆಗೆ ಒಬ್ಬ ಆಹಾರ ತಜ್ಞರ ಹುದ್ದೆ ಬೇಕು. ಗೃಹವಿಜ್ಞಾನ, ಪೌಷ್ಟಿಕತೆ ಓದಿದ ಹೆಣ್ಣುಮಕ್ಕಳು ನಮ್ಮ ವಿಶ್ವವಿದ್ಯಾಲಯಗಳಿಂದ ಪ್ರತಿ ವರ್ಷ ಹೊರಬರುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಓದಿದ್ದಕ್ಕೆ ಸಂಬಂಧವಿಲ್ಲದ ಕೆಲಸದಲ್ಲಿದ್ದಾರೆ. ತಿಂಗಳಿಗೊಮ್ಮೆ ತೂಕ, ಸೊಂಟದಳತೆ, ಊಟದ ವಿಚಾರಣೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವ, ಗೋಡೆಗೆ ಕೈಕೊಟ್ಟು ತಳ್ಳುವ, ನೀರು ತುಂಬಿದ ಬಾಟಲಿ ಎತ್ತುವ ವ್ಯಾಯಾಮಗಳ ಅಭ್ಯಾಸ. ಇದಕ್ಕೆ ಯಂತ್ರಗಳೇನೂ ಬೇಕಿಲ್ಲ. ನಮ್ಮ ಕುಂದವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವವರನ್ನು ನೋಡಿದರೆ ಜನರಿಗೆ ಮನಸ್ಸಿದೆ ಎನ್ನುವುದು ಗೊತ್ತಾಗುತ್ತದೆ. ದೀಪ ಮತ್ತು ಶೌಚಾಲಯ ಇರುವ ಇಂಥ ಜಾಗಗಳು ಪ್ರತಿ ಊರಿನಲ್ಲಿದ್ದರೆ ಹೆಂಗಸರೂ ಧೈರ್ಯವಾಗಿ ಹೊರಬರುತ್ತಾರೆ.

ಕನ್ನಡದ ಸೂಚನಾ ಹಾಳೆಯನ್ನು ಪೆಟ್ಟಿಗೆಯ ಜೊತೆ ಕೊಡುವುದು ಕಡ್ಡಾಯವಾಗಬೇಕು. ದೊಡ್ಡ ಅಕ್ಷರ, ಚಿತ್ರಗಳು: ಎಲ್ಲಿ ಚುಚ್ಚಬೇಕು, ಎಲ್ಲಿ ಇಡಬೇಕು, ಎಷ್ಟರಿಂದ ಶುರು, ಯಾವಾಗ ವೈದ್ಯರ ಬಳಿ ಓಡಬೇಕು. ಅಡ್ಡಪರಿಣಾಮ ಕಂಡವರು ವರದಿ ಮಾಡಬಹುದಾದ ರಾಷ್ಟ್ರೀಯ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024 ಆ ಹಾಳೆಯಲ್ಲಿರಲಿ. ಈ ಸಂಖ್ಯೆ ಇರುವುದೇ ನನ್ನ ಬಳಿ ಬರುವ ಯಾರಿಗೂ ಗೊತ್ತಿಲ್ಲ.

ಬಡವರ ಮಾತೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಔಷಧಿಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಸಕ್ಕರೆ ಕಾಯಿಲೆಯ ಜೊತೆ ಹೃದ್ರೋಗ ಅಥವಾ ಮೂತ್ರಪಿಂಡದ ಕಾಯಿಲೆಯೂ, ಅದರೊಂದಿಗೆ ಬೊಜ್ಜೂ ಇರುವವರಿಗೆ ಎಂದು. ಅಂಥ ರೋಗಿಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಇದು ಸಿಗುವ ದಿನ ಬರಲಿ. ದೇಶೀಯ ತಯಾರಿಕೆಗೆ ದಾರಿ ತೆರೆದಿರುವಾಗ ಸಗಟು ಖರೀದಿಯಲ್ಲಿ ಬೆಲೆ ಇನ್ನಷ್ಟು ಇಳಿಸಿಕೊಳ್ಳುವ ಶಕ್ತಿ ರಾಜ್ಯಕ್ಕಿದೆ. ಹಾಗೆ ಖರೀದಿಸುವ ದಿನ, ಔಷಧಿಯ ಬಜೆಟ್ಟಿನ ಪಕ್ಕದಲ್ಲೇ ಆಹಾರ ತಜ್ಞರ ಸಂಬಳದ ಸಾಲೂ ಇರಲಿ. ಒಂದಿಲ್ಲದೆ ಇನ್ನೊಂದಕ್ಕೆ ಹಣ ಹಾಕುವುದು ಆ ಹಣವನ್ನು ಮೋರಿಗೆ ಸುರಿದಂತೆ.

ಈ ಪತ್ರ ಓದುತ್ತಿರುವ ಇತರರಿಗೂ ಒಂದು ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಈ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅವರನ್ನು ಹೀಯಾಳಿಸಬೇಡಿ, ಅಡ್ಡದಾರಿ ಹಿಡಿದರು ಎನ್ನಬೇಡಿ. ವೈದ್ಯರ ಚೀಟಿ ಇದೆಯೇ, ಬೇರೆ ಮಾತ್ರೆಗಳ ವಿಷಯ ವೈದ್ಯರಿಗೆ ಗೊತ್ತೇ, ಇವತ್ತು ಕಾಳು ಅಥವಾ ಮೊಟ್ಟೆ ತಿಂದಿರೇ ಎಂದು ಕೇಳಿ.

ಸಚಿವರೇ, ರಾಜ್ಯದಾದ್ಯಂತ ಒಮ್ಮೆಗೇ ಆಗದಿದ್ದರೆ ನಮ್ಮ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಶುರು ಮಾಡಿ. ಹರಿಹರವಾಗಲಿ, ಜಗಳೂರಾಗಲಿ. ವಾರಕ್ಕೊಂದು ಮಧ್ಯಾಹ್ನ ಸಂಬಳವಿಲ್ಲದೆ ಬಂದು ಅಲ್ಲಿನ ದಾದಿಯರಿಗೆ, ಆಶಾ ಕಾರ್ಯಕರ್ತೆಯರಿಗೆ ಈ ವಿಷಯ ಹೇಳಿಕೊಡಲು ನಾನು ಸಿದ್ಧಳಿದ್ದೇನೆ. ನನ್ನ ಜೊತೆ ಬರಲು ಇನ್ನೂ ಕೆಲವು ಸಹೋದ್ಯೋಗಿಗಳು ಒಪ್ಪಿದ್ದಾರೆ. ನಮಗೆ ಬೇಕಾದದ್ದು ಒಂದು ಕೋಣೆ, ಒಂದು ತಕ್ಕಡಿ, ಒಂದು ಅಳತೆ ಟೇಪು ಮತ್ತು ತಮ್ಮ ಇಲಾಖೆಯ ಆದೇಶ ಪತ್ರ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ದಾವಣಗೆರೆಯ ಒಬ್ಬ ಆಹಾರ ತಜ್ಞೆ